ಅಕ್ಕನ ಬಾಯಿಪಾಠ

ಅಕ್ಕ ಆಪರೇಷನ್ ಥಿಯೇಟರಿನ ನರ್ಸು. ಹದಿನಾರು ವರ್ಷ, ಡಾಕ್ಟರು ಬಾಯಿ ಬಿಡುವ ಮೊದಲೇ ಬೇಕಾದ ಸಾಮಾನು ಕೈಗಿಟ್ಟವಳು. ಮೂರು ತಿಂಗಳ ಹಿಂದೆ ಅವಳ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕೈಕಾಲು ಸರಿಹೋದವು, ಮಾತೂ ಬಂತು, ವಸ್ತುಗಳ ಹೆಸರು ಮಾತ್ರ ಕೈಕೊಟ್ಟವು. ಬಾಚಣಿಗೆ ಕೊಟ್ಟರೆ ನೀಟಾಗಿ ತಲೆ ಬಾಚಿಕೊಳ್ಳುತ್ತಾಳೆ, ಅದೇನೆಂದು ಕೇಳಿದರೆ ತಡಕಾಡುತ್ತಾಳೆ. ಚಿತ್ರ ನೋಡಿ ಹೆಸರು ಹೇಳುವ ಇವತ್ತಿನ ಪರೀಕ್ಷೆ ಪಾಸಾದರೆ ಸೋಮವಾರದಿಂದ ಕೆಲಸ. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ನಾನು ಕೈಕಟ್ಟಿ ಕೂರುವ ಪೈಕಿ ಅಲ್ಲ. ಹೋದ ಸಲ ಮಾತಿನ ಚಿಕಿತ್ಸೆಯ ಮೇಡಂ ಫೋನ್ ಬಂತೆಂದು ಹೊರಗೆ ಹೋದಾಗ, ಮೇಜಿನ ಮೇಲಿದ್ದ ಇಪ್ಪತ್ತು ಕಾರ್ಡುಗಳ ಫೋಟೋ ಹೊಡೆದುಕೊಂಡೆ. ಹತ್ತು ದಿನ ಅಕ್ಕನನ್ನು ಗೋಳು ಹೊಯ್ದುಕೊಂಡು ಕಲಿಸಿದೆ. ಏಣಿ, ಬಾಚಣಿಗೆ, ಮೊಲ, ಕತ್ತರಿ, ಬುಟ್ಟಿ. ಕೊನೆಕೊನೆಗೆ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದಳು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೇಡಂ ಮೊದಲ ಕಾರ್ಡು ಎತ್ತಿದರು. ಮೊಲ.

“ಏಣಿ,” ಅಂದಳು ಅಕ್ಕ.

ಎರಡನೆಯದು ಬುಟ್ಟಿ. “ಬಾಚಣಿಗೆ.” ಕಾರ್ಡುಗಳನ್ನು ಕಲಸಿಬಿಟ್ಟಿದ್ದರು! ಕೆಮ್ಮಿದೆ, ಕಣ್ಣು ಮಿಟುಕಿಸಿದೆ. ಅಕ್ಕ ಚಿತ್ರವನ್ನು ನೋಡುತ್ತಲೇ ಇರಲಿಲ್ಲ. ಭಯದಿಂದ ನನ್ನ ಮುಖ ನೋಡುತ್ತಾ ಮುಂದಿನ ಹೆಸರು ಹೇಳುತ್ತಿದ್ದಳು.

ಮೇಡಂ ಕಾರ್ಡು ಕೆಳಗಿಟ್ಟರು. “ಯಾರು ಬಾಯಿಪಾಠ ಮಾಡ್ಸಿದ್ದು?”

“ನಾನೇ,” ಅಂದೆ.

“ಕಣ್ಣು ನೋಡತ್ತೆ, ಮೆದುಳು ಇದು ಇಂಥದ್ದು ಅಂತ ಗುರುತು ಹಿಡಿಯತ್ತೆ, ಆಮೇಲೆ ಹೆಸರು ಹುಡುಕತ್ತೆ. ನಿಮ್ಮಕ್ಕ ಎಡವ್ತಿರೋದು ಆ ಹುಡುಕಾಟದಲ್ಲಿ. ನೀವು ನೋಡೋದನ್ನೇ ಬಿಡಿಸಿದೀರಲ್ಲ!”

ತಪ್ಪು ನನ್ನದೇ ಆದರೂ ಸಿಟ್ಟು ನೆತ್ತಿಗೇರಿತು. “ಥಿಯೇಟರಲ್ಲಿ ಅವಳ್ಯಾಕೆ ಹೆಸರು ಹೇಳ್ಬೇಕು ಮೇಡಂ? ಡಾಕ್ಟರು ಕೇಳ್ತಾರೆ, ಇವಳು ಕೊಡ್ತಾಳೆ. ಕೇಳಿದ್ದು ಎತ್ತಿಕೊಡೋದ್ರಲ್ಲಿ ಒಂದ್ಸಲಾನೂ ತಪ್ಪಿಲ್ಲ.”

ಅದು ಅವರಿಗೂ ಗೊತ್ತಿತ್ತು, ಆ ಪರೀಕ್ಷೆ ಮಾಡಿದ್ದೇ ಅವರು. ಫಾರಮ್ಮಿನಲ್ಲಿದ್ದ ‘ಕೆಲಸಕ್ಕೆ ಹೋಗಬಹುದು’ ಎಂಬ ಸಾಲಿನ ಹತ್ತಿರ ಪೆನ್ನು ತಂದರು.

ಅಕ್ಕ ಅವರ ಕೈ ಹಿಡಿದುಕೊಂಡಳು.

“ಬೇಡ ಮೇಡಂ. ಹೊಲಿಗೆ ಹಾಕೋ ಮುಂಚೆ ಸಾಮಾನೆಲ್ಲಾ ವಾಪಸ್ ಬಂತಾ ಅಂತ ನಾನೇ ಒಂದೊಂದರ ಹೆಸರು ಕೂಗಿ ಲೆಕ್ಕ ಕೊಡ್ಬೇಕು.” ಮೇಜಿನ ಮೇಲಿನ ಕಾರ್ಡುಗಳತ್ತ ಬೆರಳು ಮಾಡಿದಳು. “ಅಲ್ಲೂ ಹೀಗೇ ನೋಡ್ದೇ ಒಪ್ಪಿಸಿಬಿಟ್ರೆ? ಅದು... ಆ ಕತ್ತರಿಸೋದು... ಯಾರದೋ ಹೊಟ್ಟೇಲೇ ಉಳಿದುಬಿಡತ್ತೆ.”