ಒಂಬತ್ತು ತೂತಿನ ಪೋರ್ಟು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಊರುಗಳ ಕೆಟ್ಟ ಕಂಪ್ಯೂಟರುಗಳು ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ತಾವಾಗಿಯೇ ಎದ್ದು ಕೂಡುತ್ತವೆ. ಇದನ್ನು ನಾನು ಹೇಳುವುದಿಲ್ಲ, ಜನ ಹೇಳುತ್ತಾರೆ. ಯಾವ ಜನ ಎಂದು ಕೇಳಬೇಡಿ. ನನ್ನ ಹೆಸರು ದತ್ತಾತ್ರೇಯ. ಜಮಖಂಡಿಯಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ರಿಪೇರಿ ಅಂಗಡಿ. ಅಜ್ಜನ ಕಾಲದಿಂದ ಮನೆತನದ ಕೆಲಸ ಪೂಜೆ, ಅದನ್ನೂ ಬಿಟ್ಟಿಲ್ಲ. ಯಂತ್ರ ಕೂಡಿಸುವವನೂ ನಾನೇ, ಅದಕ್ಕೆ ಕುಂಕುಮ ಹಚ್ಚುವವನೂ ನಾನೇ. ಹೀಗೆ ಎರಡೆರಡು ಗ್ಯಾರಂಟಿ ಕೊಡುವ ಮನುಷ್ಯ ಹುಬ್ಬಳ್ಳಿಯಿಂದ ಪುಣೆಯವರೆಗೆ ಇನ್ನೊಬ್ಬನಿಲ್ಲ.

ಬನಹಟ್ಟಿಯ ನೇತ್ರಾ ನನ್ನ ಹಳೆಯ ಗಿರಾಕಿ. ಮಗ್ಗದವರಿಗೆ ಕಾರ್ಡು ಹೊಡೆದುಕೊಡುತ್ತಾಳೆ. ಸೀರೆಯ ಅಂಚಿನಲ್ಲಿ ಹೂವು ಬರಬೇಕೋ ಬಳ್ಳಿ ಬರಬೇಕೋ ಎಂಬುದು ಮಗ್ಗಕ್ಕೆ ತಿಳಿಯುವುದು ದಪ್ಪ ರಟ್ಟಿನ ಕಾರ್ಡುಗಳ ತೂತಿನಿಂದ. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಪಕ್ಕದ ಪಂಚಿಂಗ್ ಮಷೀನು ಆ ಚಿತ್ರದಂತೆ ಟಕಟಕ ತೂತು ಹೊಡೆಯುತ್ತದೆ. ಹದಿನಾಲ್ಕು ವರ್ಷ ಅವಳು ಹೊಡೆದದ್ದೆಲ್ಲ ಬೇರೆಯವರ ಚಿತ್ರಗಳನ್ನೇ. ಈ ಶ್ರಾವಣದಲ್ಲಿ ಮೊದಲ ಸಲ ತನ್ನದೇ ಒಂದು ಅಂಚು ಬರೆದಳು: ಹುಣಸೆಯ ಚಿಗುರು. ಎಳೆ ಎಲೆಗಳು ಸಾಲಾಗಿ ಎದುರುಬದುರು ಕೂತು ಮುಂದೆ ಮುಂದೆ ಹೋಗುತ್ತವೆ. ನಾಲ್ಕು ಮಗ್ಗಗಳ ಮಾಲಕ ಬಾಳೇಶ ಅದನ್ನು ನೋಡಿ, "ಸೋಮವಾರ ಸಂಜೀಕ ಹೊಸ ಹಾಸು ಏರಸ್ತೇನಿ. ಅಷ್ಟರೊಳಗ ಕಾರ್ಡು ಕೊಟ್ರ ನಿನ್ನ ಹುಣಸಿ. ಇಲ್ಲಾಂದ್ರ ಹಳೀ ಆನಿ ಅಂಚು ಐತೇ ಐತಿ" ಎಂದಿದ್ದ. ಹಾಸು ಎಂದರೆ ಮಗ್ಗದ ಉದ್ದನೆಯ ನೂಲು. ಒಮ್ಮೆ ಏರಿದರೆ ತಿಂಗಳುಗಟ್ಟಲೆ ಅದೇ ಅಂಚು.

ಇಂಥ ಕೆಲಸಕ್ಕೆ ಸಾದಾ ಪೂಜೆ ಸಾಲದು ಎಂದು ಶುಕ್ರವಾರ ಬೆಳಿಗ್ಗೆ ನಾನೇ ಖುದ್ದು ಹೋದೆ. ಪೂಜೆಯ ಹೊತ್ತಿಗೆ ಯಂತ್ರಕ್ಕೆ ವಿಶ್ರಾಂತಿ ಕೊಡಬೇಕು, ವೈರುಗಳನ್ನು ಬಿಚ್ಚಬೇಕು. ಅದು ನಮ್ಮ ಕಡೆಯ ಪದ್ಧತಿ. ನಾನು ಮಾಡಿದ ಆ ಪೂಜೆಯನ್ನು ನೋಡಿ ದೇವತೆಗಳು ಬನಹಟ್ಟಿಯಲ್ಲೇ ಬಾಡಿಗೆ ಮನೆ ಹುಡುಕಿರಬೇಕು. ಮಂಗಳಾರತಿ ಮುಗಿಸಿ ನಾನೇ ವೈರು ಹಚ್ಚಿದೆ, ನೇತ್ರಾ ಗುಂಡಿ ಒತ್ತಿದಳು. ಕಂಪ್ಯೂಟರು ಹೊತ್ತಿತು. ಮಷೀನು ಮಾತ್ರ ಅಲುಗಾಡಲಿಲ್ಲ.

"ಏನಾತು ಅಣ್ಣಾರ? ಇದರ ಮಾತು ಅದಕ್ಕ ಮುಟ್ಟವಲ್ಲದು."

ನಾನು ಕಂಪ್ಯೂಟರಿನ ಬೆನ್ನಿಗೆ ಕಿವಿ ಹಚ್ಚಿದೆ. ಬೇರೆಯವರು ಸ್ಕ್ರೂ ಬಿಚ್ಚಿ ನೋಡುತ್ತಾರೆ. ನನಗೆ ಕಿವಿ ಸಾಕು.

"ಪೋರ್ಟ್ ಸತ್ತದ, ತಂಗಿ."

ಪೋರ್ಟು ಎಂದರೆ ವೈರು ಕೂಡುವ ಬಾಯಿ. ನೇತ್ರಾಳ ಕಂಪ್ಯೂಟರಿಗಿರುವುದು ಒಂಬತ್ತು ಸೂಜಿಯ ಹಳೆಯ ಬಾಯಿ, ಮಷೀನಿಗಿರುವುದು ಅದಕ್ಕೆ ಜೋಡಿಯಾದ ಒಂಬತ್ತು ತೂತಿನದು. ಈಗಿನ ಲ್ಯಾಪ್‌ಟಾಪುಗಳಿಗೆ ಆ ಬಾಯೇ ಇರುವುದಿಲ್ಲ. ಹಪ್ಪಳದಷ್ಟು ತೆಳ್ಳಗಾಗುವ ಹಟದಲ್ಲಿ ಎಲ್ಲ ಬಾಯಿ ಮುಚ್ಚಿಕೊಂಡು ಕೂತಿವೆ.

ನೇತ್ರಾಳ ಅತ್ತೆ ಶಿವವ್ವ ಬಿಳಿಯ ಬಟ್ಟೆಯೊಂದನ್ನು ತಂದು ಕಂಪ್ಯೂಟರಿಗೆ ಹೊದಿಸಿ, ಮೇಲೊಂದು ಹೂವಿಟ್ಟಳು.

"ಇಷ್ಟು ವರ್ಷ ದುಡದೈತಿ" ಎಂದಳು.

"ಅತ್ತೀ, ಸುಮ್ನಿರ್ರಿ!" ನೇತ್ರಾ ನನ್ನ ಕಡೆ ತಿರುಗಿದಳು. "ಅಣ್ಣಾರ, ಸೋಮವಾರ."

"ಸೋಮವಾರ ಯಾಕ? ನಾಳೆ ಸಂಜಿಗೇ ನಿನ್ನ ಹುಣಸಿ ಚಿಗುರತದ" ಎಂದು ಸ್ಕೂಟರು ಹತ್ತಿದೆ.

ಆ ಎರಡು ದಿನ ನನ್ನ ಸ್ಕೂಟರು ಎಷ್ಟು ಓಡಿತೆಂದರೆ, ಕೃಷ್ಣಾ ನದಿ ಹುಟ್ಟಿದಲ್ಲಿಂದ ಸಮುದ್ರಕ್ಕೆ ಹೋಗಿ, ಏನೋ ಮರೆತೆನೆಂದು ತಿರುಗಿ ಬಂದಷ್ಟು. ಮೊದಲು ಜಮಖಂಡಿಯ ಮೊಬೈಲ್ ಅಂಗಡಿಯಲ್ಲಿ ನೀಲಿ ಬಣ್ಣದ ಅಡಾಪ್ಟರು ಸಿಕ್ಕಿತು. ಒಂದು ತುದಿ ಹೊಸ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿಯಲ್ಲಿ ಒಂಬತ್ತು ಸೂಜಿ. ಬನಹಟ್ಟಿಗೆ ಹೋಗಿ, ನನ್ನ ಲ್ಯಾಪ್‌ಟಾಪಿನಲ್ಲಿ ನೇತ್ರಾಳ ಚಿತ್ರ ಹಾಕಿಕೊಂಡು, ಮಷೀನಿನ ವೈರಿಗೆ ಚುಚ್ಚಿದೆ. ಅಡಾಪ್ಟರಿನ ದೀಪ ಮಿಣಿಮಿಣಿ ಎಂದಿತು, ಮಷೀನು ಎನ್ನಲಿಲ್ಲ. "ಡುಪ್ಲಿಕೇಟ್ ಮಾಲು" ಎಂದು ಕಿಸೆಗೆ ಹಾಕಿಕೊಂಡೆ. ಬೀಳಗಿಯಲ್ಲಿ ಒಬ್ಬರ ಹತ್ತಿರ ಹಳೆಯ ಲ್ಯಾಪ್‌ಟಾಪಿದೆ ಎಂದು ಕೇಳಿ ಅಲ್ಲಿಗೆ ಓಡಿದೆ. ಇತ್ತು. ಪ್ರಿಂಟರಿನ ಅಗಲವಾದ ಬಾಯಿಯಿತ್ತು, ಪರದೆಯ ನೀಲಿ ಬಾಯಿಯಿತ್ತು, ಕೀಲಿಮಣೆಯ ದುಂಡನೆಯ ಬಾಯಿಯೂ ಇತ್ತು. ನನಗೆ ಬೇಕಾದ ಆ ಒಂದು ಬಾಯಿ ಬಿಟ್ಟು ಜಗತ್ತಿನ ಎಲ್ಲ ಬಾಯಿಗಳಿದ್ದವು.

ಶನಿವಾರ ಸಂಜೆ ಮುಧೋಳದ ರಸ್ತೆಯಲ್ಲಿ ಬುದ್ಧಿ ಹೊಳೆಯಿತು. ಅಂಥ ಬುದ್ಧಿ ನೂರು ವರ್ಷಕ್ಕೊಬ್ಬರಿಗೆ ಹೊಳೆಯುತ್ತದೆ. ನನಗೆ ವಾರಕ್ಕೆರಡು ಸಲ. ಕಬ್ಬಿನ ಗಾಡಿ ತೂಗುವ ಕಾಟಾ! ಅದು ತೂಕವನ್ನು ಕಂಪ್ಯೂಟರಿಗೆ ಹೇಳುವುದು ಇದೇ ಒಂಬತ್ತು ಸೂಜಿಯಿಂದ. ಶ್ರಾವಣದಲ್ಲಿ ಕಬ್ಬಿನ ಸೀಜನ್ನಿಲ್ಲ, ಕಾಟಾ ಖಾಲಿ. ಮುಧೋಳದ ಹೊರಗಿನ ಕಾಟಾದಲ್ಲಿ ಜಕ್ಕಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಅವನ ಲ್ಯಾಪ್‌ಟಾಪು ರೊಟ್ಟಿ ಬಡಿಯುವ ಕಲ್ಲಿನಷ್ಟು ದಪ್ಪ. ಬೆನ್ನಿನಲ್ಲಿ ನೋಡಿದೆ: ಒಂಬತ್ತು ಸೂಜಿ!

"ಎರಡು ದಿನ ಕೊಡಪಾ, ಜಕ್ಕಪ್ಪ."

"ಕೊಡೂದಿಲ್ರಿ ಭಟ್ರ."

"ನಾ ಯಾರಂತ ಗೊತ್ತದ ಏನು?"

"ಗೊತ್ತೈತ್ರಿ. ಅದಕ್ಕ ಕೊಡೂದಿಲ್ಲ. ಹೋದ ವರ್ಷ ನನ್ನ ಪ್ರಿಂಟರ್ ರಿಪೇರಿ ಮಾಡ್ತೇನಂತ ಒಯ್ದ್ರಿ. ಇನ್ನೂ ಮಾಡಾಕತ್ತೀರಿ."

ನಾನು ನೇತ್ರಾಳ ಕಥೆ ಹೇಳಿದೆ. ಹುಣಸೆಯ ಚಿಗುರು, ಬಾಳೇಶನ ಆನೆ, ಸೋಮವಾರ, ಎಲ್ಲ. ಎಂದೂ ಇಲ್ಲದಂತೆ ಏನನ್ನೂ ಸೇರಿಸಲಿಲ್ಲ. ಜಕ್ಕಪ್ಪ ಶೇಂಗಾ ಸಿಪ್ಪೆ ಝಾಡಿಸಿಕೊಂಡು ಎದ್ದ.

"ಆಕೀ ಸಲುವಾಗಿ ಬರ್ತೇನಿ. ಆದ್ರ ಇದು ನನ್ನ ತೊಡೀ ಮ್ಯಾಲೇ ಇರತೈತಿ."

ರವಿವಾರ ಬೆಳಿಗ್ಗೆ ಆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಹಿಂದೆ ಕೂತು ಬನಹಟ್ಟಿಗೆ ಬಂದ. ನೇತ್ರಾ ಬಾಗಿಲಲ್ಲೇ ನಿಂತಿದ್ದಳು. ಖಾಲಿ ರಟ್ಟಿನ ಕಟ್ಟುಗಳು ಗೋಡೆಗೆ ಒರಗಿದ್ದವು. ಅವಳ ಸಾಫ್ಟ್‌ವೇರು ಹಾಕಿ, ವೈರು ಸಿಕ್ಕಿಸಿ, ನಾನು ಕೈಯೆತ್ತಿ, "ನೋಡ್ರಿ ಈಗ!" ಎಂದೆ.

ನೋಡಿದರು. ಏನೂ ಆಗಲಿಲ್ಲ.

ಓಣಿಯ ಮಗ್ಗಗಳ ಸದ್ದು ಅಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ಕೇಳಿರಲಿಲ್ಲ. ನೇತ್ರಾ ಅಳಲಿಲ್ಲ, ಬೈಯಲೂ ಇಲ್ಲ. ಫೋನು ಕೈಗೆ ತೆಗೆದುಕೊಂಡು, "ಬಾಳೇಶಣ್ಣಗ ಹೇಳಿಬಿಡ್ತೇನಿ. ಪಾಪ, ಅವರರ ಯಾಕ ಕಾಯಬೇಕು" ಎಂದಳು.

"ತಡೀರಿ ಯವ್ವಾ" ಎಂದ ಜಕ್ಕಪ್ಪ. ಕಾಟಾದ ಧೂಳಿನಲ್ಲಿ ಕೆಲಸ ಮಾಡಿದವನು. ದಿನಾ ವೈರು ಬಿಚ್ಚಿ, ಊದಿ, ಒರೆಸಿ ಹಚ್ಚುವುದು ಅವನ ಚಟ. ಶುಕ್ರವಾರದಿಂದ ಯಾರೂ ಮುಟ್ಟದ ಮಷೀನಿನ ಕಡೆಯ ವೈರು ಕಿತ್ತು, ಬಗ್ಗಿ, ಊದಿದ. ಮೇಲೆದ್ದಾಗ ಅವನ ಮೂಗು ಕೆಂಪಗಾಗಿತ್ತು.

"ಏನ್ರಿ ಇದು, ಪೋರ್ಟೋ ಕುಂಕುಮದ ಭರಣಿಯೋ?"

ನಾವೆಲ್ಲ ಬಗ್ಗಿದೆವು. ಒಂಬತ್ತು ತೂತಿನಲ್ಲೂ ನೀರಿನಲ್ಲಿ ಕಲಸಿದ ಕುಂಕುಮ ಒಣಗಿ ಇಟ್ಟಿಗೆಯಾಗಿತ್ತು. ನಡುವಿನ ಒಂದರಲ್ಲಿ ಅಕ್ಷತೆಯ ಕಾಳೂ ಇತ್ತು.

"ಇಲಿ ಮಾಡಿರಬೇಕು" ಎಂದೆ.

"ಇಲಿ ಕುಂಕುಮ ಹಚ್ಚತೈತೇನ್ರಿ?" ಎಂದಳು ಶಿವವ್ವ. "ಅದೂ ಕಡ್ಡೀಲೆ, ಇಷ್ಟು ಚಂದ?"

ನೇತ್ರಾ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವುದರಲ್ಲಿ ನನ್ನಷ್ಟು ಕಸಬಿರುವವನು ಈ ಜಿಲ್ಲೆಯಲ್ಲಿಲ್ಲ; ಹತ್ತು ಸುಳ್ಳು ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಆದರೆ ಆ ಫೋನು ಇನ್ನೂ ಅವಳ ಕೈಯಲ್ಲಿತ್ತು.

"ನಾನೇ, ತಂಗಿ" ಎಂದೆ. "ಪ್ರತಿ ಸಲ ಮಷೀನಿನ ತಲಿಗಷ್ಟೇ ಹಚ್ಚತಿದ್ದೆ. ಈ ಸಲ ನಿನ್ನ ಸ್ವಂತ ಡಿಜೈನು. ಎಣಿಸಿದೆ, ಒಂಬತ್ತು ತೂತು. ನವಗ್ರಹ ಅಂತ ತಿಳದು ಒಂದೊಂದಕ್ಕೂ ಕಡ್ಡೀಲೆ ಏರಿಸಿದೆ. ವೈರು ಹಚ್ಚೂ ಮುಂದ ಬಿಗಿ ಅನಸ್ತು. ಗ್ರಹಗಳು ಗಟ್ಟಿ ಕೂತಾವು ಅಂದುಕೊಂಡೆ."

ಶಿವವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಗತೊಡಗಿದಳು. ಜಕ್ಕಪ್ಪ ಗೋಡೆ ಹಿಡಿದುಕೊಂಡ. ನೇತ್ರಾ ನಗಲಿಲ್ಲ.

"ಮೂರು ದಿನ ಹೋತಲ್ರಿ ಅಣ್ಣಾರ. ಹಂಗಾರ ನಮ್ಮ ಕಂಪ್ಯೂಟರ್?"

"ಅದಕ್ಕೇನೂ ಆಗಿಲ್ಲ, ಅನಸ್ತದ."

"ಜೀವಂತ ಇದ್ದದ್ದಕ್ಕ ಬಿಳಿ ಬಟ್ಟಿ ಹೊಚ್ಚಿಸಿದ್ರಲ್ಲ ನನ್ನ ಕೈಲೆ!" ಎಂದಳು ಶಿವವ್ವ.

ನೇತ್ರಾ ಒಳಗಿನಿಂದ ಹಲ್ಲುಜ್ಜುವ ಹಳೆಯ ಬ್ರಷ್ಷು, ಸೂಜಿ, ಸ್ಪಿರಿಟ್ಟಿನ ಬಾಟಲಿ ತಂದಳು. ನಾನು ಕೈ ಚಾಚಿದೆ. ಕೊಡಲಿಲ್ಲ. ತಾನೇ ನೆಲದ ಮೇಲೆ ಕೂತು, ಟಾರ್ಚನ್ನು ಜಕ್ಕಪ್ಪನ ಕೈಗೆ ಕೊಟ್ಟು, ಒಂದೊಂದೇ ತೂತನ್ನು ಬಿಡಿಸಿದಳು. ಶನಿ ಎಲ್ಲರಿಗಿಂತ ತಡವಾಗಿ ಬಿಟ್ಟ. ಒಂಬತ್ತನೆಯದು ಮುಗಿದ ಮೇಲೆ ಶಿವವ್ವ ಬಿಳಿಯ ಬಟ್ಟೆ ತೆಗೆದಳು. ಹಳೆಯ ಕಂಪ್ಯೂಟರಿಗೇ ವೈರು ಹಚ್ಚಿದರು.

ಟಕ್. ಟಕಟಕ. ಟಕ್.

ಮೊದಲ ಕಾರ್ಡು ಹೊರಗೆ ಬಂತು. ನೇತ್ರಾ ಅದನ್ನು ಬೆಳಕಿಗೆ ಹಿಡಿದು ತೂತುಗಳ ಮೇಲೆ ಬೆರಳಾಡಿಸಿದಳು. ಆಗ ಮಾತ್ರ ಫೋನನ್ನು ಪಕ್ಕಕ್ಕಿಟ್ಟಳು.

ಮುನ್ನೂರ ಅರವತ್ತು ಕಾರ್ಡು. ರವಿವಾರ ಕತ್ತಲಾಗುವ ತನಕ, ಸೋಮವಾರ ಬೆಳಕಾದಾಗಿನಿಂದ, ಮಷೀನು ನಿಲ್ಲಲಿಲ್ಲ. ಬಂದ ಕಾರ್ಡುಗಳನ್ನು ಕ್ರಮವಾಗಿ ದಾರದಿಂದ ಹೊಲಿಯುವ ಕೆಲಸ ನನಗೆ ಬಂತು. ನನ್ನ ಬೆರಳಿಗೆ ಸೂಜಿ ಸಾವಿರ ಸಲ ಚುಚ್ಚಿತು. ಸಾವಿರವೆಂದರೆ ಹನ್ನೊಂದು. ಜಕ್ಕಪ್ಪ ರವಿವಾರ ಸಂಜೆಯ ಬಸ್ಸಿಗೆ ಮುಧೋಳಕ್ಕೆ ಹೊರಟಾಗ, "ನನ್ನ ಪ್ರಿಂಟರ್‌ಗೂ ಪೂಜಿ ಮಾಡೀರೇನ್ರಿ?" ಎಂದು ಕೇಳಿದ. ನಾನು ಹೊಲಿಗೆಯಲ್ಲಿ ಮಗ್ನನಾಗಿದ್ದೆ.

ಸೋಮವಾರ ಐದಕ್ಕೆ ಬಾಳೇಶನ ಮಗ್ಗಕ್ಕೆ ಕಾರ್ಡಿನ ಸರ ಏರಿತು. ಮಗ್ಗ ನಡೆಯಿತು. ಬೆರಳುದ್ದ, ಗೇಣುದ್ದ, ಕೆಂಪು ಅಂಚಿನ ಮೇಲೆ ಹಸಿರು ಎಲೆಗಳು ಎದುರುಬದುರು ಮೂಡಿ ಮುಂದೆ ಸರಿದವು. ಪಕ್ಕದ ಮಗ್ಗದವನು ಕತ್ತು ಚಾಚಿ ಕೇಳಿದ, "ಯಾರ ಡಿಜೈನೋ ಇದು?"

ನನ್ನ ಬಾಯಿ ಆಗಲೇ ತೆರೆದಿತ್ತು.

"ನಂದು" ಎಂದಳು ನೇತ್ರಾ.

ಬಾಳೇಶ ಕುಂಕುಮದ ಬಟ್ಟಲು ತಂದು, "ಭಟ್ಟರ, ಮಗ್ಗಕ್ಕ ಒಂದೀಟು ಹಚ್ಚಿಬಿಡ್ರಿ" ಎಂದ. ನೇತ್ರಾ ಮತ್ತು ಶಿವವ್ವ ಇಬ್ಬರೂ ಒಟ್ಟಿಗೇ ನನ್ನ ಮತ್ತು ಮಗ್ಗದ ನಡುವೆ ಬಂದು ನಿಂತರು.

"ಗ್ವಾಡಿಗೆ ಹಚ್ರಿ ಅಣ್ಣಾರ" ಎಂದಳು ನೇತ್ರಾ. ಈ ಸಲ ನಕ್ಕಳು.

ಗೋಡೆಗೇ ಹಚ್ಚಿದೆ. ಆದರೆ ಆ ಗೋಡೆ ಇನ್ನು ಇನ್ನೂರು ವರ್ಷ ಬೀಳುವುದಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ.