ಭಂಡಾರದ ಗುರುತು

ಗೆರೆ ಸೊಟ್ಟಗಿದೆ, ಸುಣ್ಣ ಎಳೆದವನು ಹಗ್ಗ ಹಿಡಿಯದೆ ಅಂದಾಜಿನ ಮೇಲೆ ಎಳೆದಿರಬೇಕು, ಎಡಗಡೆ ನಾಲ್ಕು ಬೆರಳು ಮುಂದೆ ಬಂದಿದೆ, ಇಂಥ ಗೆರೆ ಇಟ್ಟುಕೊಂಡು ನೋಬಾಲು ಅಂತ ಯಾವ ಬಾಯಿಂದ ಹೇಳುತ್ತಾರೆ, ಮಲಕಾರಿಗೆ ನಗು ಬಂತು, ಆಟ ಬಿಟ್ಟು ಒಂಬತ್ತು ವರ್ಷವಾದರೂ ಕಣ್ಣು ಮೊದಲು ಹೋಗುವುದು ಗೆರೆಯ ಮೇಲೇ. ರಾಯಬಾಗದ ಶಾಲೆಯ ಮೈದಾನ, ತೊಂಬತ್ತೇಳರ ಮಾರ್ಚಿನ ಬಿಸಿಲು, ಎಲ್ಲೋ ಕಬ್ಬಿನ ರವದಿ ಸುಟ್ಟ ವಾಸನೆ, ಮೈಕಿನಲ್ಲಿ ಒಬ್ಬಾತ ಗಂಟಲು ಹರಿದುಕೊಳ್ಳುತ್ತಿದ್ದಾನೆ, ನಮ್ಮ ತಾಲೂಕಿನ ಹುಲಿ, ಇಂಡಿಯಾದ ಫಾಸ್ಟ್ ಬೌಲರ್, ಈಗ ಮೊದಲ್ನೇ ಬಾಲ್ ಹಾಕಿ ಟೂರ್ನಮೆಂಟ್ ಚಾಲೂ ಮಾಡ್ತಾರ್ರಿ — ಹುಲಿಯ ಬಲಭುಜ ನಿನ್ನೆ ರಾತ್ರಿಯಿಂದ ಮಿಡಿಯುತ್ತಿದೆ, ಅದು ಮೈಕಿನವನಿಗೆ ಗೊತ್ತಿಲ್ಲ. ಅತ್ತ ಬ್ಯಾಟು ಹಿಡಿದು ನಿಂತವರು ಕಮಿಟಿಯ ಚೇರ್ಮನ್ ರಾವಸಾಹೇಬರು, ದ್ರಾಕ್ಷಿ ತೋಟದ ಧಣಿ, ಎಡಗಾಲಿನ ಪ್ಯಾಡು ಬಲಗಾಲಿಗೆ ಕಟ್ಟಿಕೊಂಡಿದ್ದಾರೆ, ಹಳೂ ಹಾಕ್ರಿ ಮಲಕಾರಿ ಸಾಹೇಬ್ರ, ಹಲ್ಲಿನ ಸೆಟ್ ಮೊನ್ನೆರ ಮಿರಜದಾಗ ಮಾಡಿಸ್ಕೊಂಡ ಬಂದೀನಿ. ಪೆಂಡಾಲಿನಲ್ಲಿ ಹೆಂಗಸರ ಮೊದಲ ಸಾಲಿಗೆ ಅವ್ವ, ಲಗಮವ್ವ, ಮಗ ಬೌಲಿಂಗ್ ಮಾಡುವುದನ್ನು ಇದೇ ಮೊದಲ ಸಲ ಕಣ್ಣಾರೆ ನೋಡಲು ಬಂದಿದ್ದಾಳೆ, ಕುರ್ಚಿಯ ತುದಿಗೆ ಕೂತಿದ್ದಾಳೆ, ನೆರಳು ಸರಿದು ಅವಳ ಪಾದ ಎರಡೂ ಬಿಸಿಲಿಗೆ ಬಿದ್ದಿವೆ, ಬರಿಯ ಪಾದ. ಅದನ್ನು ನೋಡಬಾರದು ಅಂದುಕೊಂಡಷ್ಟೂ ಅದೇ ಕಾಣುತ್ತಿದೆ.

ಮುಂಜಾನೆ ರೊಟ್ಟಿ ತಟ್ಟುತ್ತಾ ಅಕ್ಕ ಸಕ್ಕುಬಾಯಿ ಹೇಳಿದ್ದು, ಅವ್ವ ಚಪ್ಪಲಿ ಯಾಕ ಬಿಟ್ಟಾಳಂತ ತಿಳಕೊಂಡಿ, ಹಿಮ್ಮಡಿ ಒಡದಾವ ಅನ್ನೂದು ಬರೇ ಸುಳ್ಳ, ನೀ ಮದ್ರಾಸಿಗೆ ಹೋಗೂ ಮುಂದ ಆಕಿ ಚಿಂಚಲಿಗೆ ಹೋಗಿ ಮಾಯಕ್ಕನ ಗುಡಿ ಅರಿಷಿಣ ಭಂಡಾರ ತಂದಿದ್ಲಲ್ಲ, ಆವತ್ತ ಬಸ್ಸು ಹೊಂಟ ನಿಂತಿತ್ತಂತ, ಚಪ್ಪಲಿ ಕಳಿಯಾಕ ಪುರಸೊತ್ತಿಲ್ಲದ ಕಾಲಾಗ ಹಂಗ ಹಾಕ್ಕೊಂಡ ಭಂಡಾರ ಇಸ್ಕೊಂಡಾಳ, ಅದಕ್ಕ ಮಾಯಕ್ಕ ತಾಯಿ ಸಿಟ್ಟಾಗಿ ನಿನ್ನ ವಿಕೆಟ್ ಕಸ್ಕೊಂಡ್ಲಂತ, ಹನ್ನೊಂದ ವರ್ಷ ಆತಪಾ. ಹನ್ನೊಂದು ವರ್ಷ, ಹನ್ನೊಂದು ಬೇಸಿಗೆ, ಕುರಿಯ ಹಿಂದೆ ಜಾಲಿಮುಳ್ಳಿನಲ್ಲಿ, ಪ್ರತಿ ದೀಪಾವಳಿಗೆ ತಾನು ಅಥಣಿಯಿಂದ ಚಪ್ಪಲಿ ತರುತ್ತಿದ್ದ, ನನ್ನ ಕಾಲಿಗೆ ಒಗ್ಗೂದಿಲ್ಲೋ ಅನ್ನುತ್ತಿದ್ದಳು, ಎಲ್ಲ ಜೋಡೂ ಸಕ್ಕುಬಾಯಿಯ ಮನೆ ಸೇರುತ್ತಿದ್ದವು, ಅದು ತಾಯಿ ಮಗಳ ಪ್ರೀತಿ ಅಂದುಕೊಂಡಿದ್ದ, ಪೆದ್ದ. ಆ ವಿಕೆಟ್ಟನ್ನು ದೇವಿ ಕಸಿದುಕೊಂಡಿಲ್ಲ, ಅದು ಅವನೊಬ್ಬನಿಗೇ ಗೊತ್ತು — ಹಸಿರು ಹುಲ್ಲು, ಅದರ ಮೇಲೆ ಒಂದು ಚಿಟಿಕೆ ಹಳದಿ.

ಎಲ್ಲಿಂದ ಎಲ್ಲಿಗೆ ಹೋಗಿದ್ದ, ಅಪ್ಪ ಕಾಡಸಿದ್ದನ ಜೊತೆ ಕುರಿ ಕಾಯುತ್ತಾ ದೂಧಗಂಗೆಯ ದಂಡೆಗುಂಟ ಓಡಿದ ಕಾಲು ಅದು, ತೋಳ ಬಂದರೆ ಕಲ್ಲು ಬೀಸಿ ಒಗೆದ ಭುಜ ಅದು, ಸದಲಗಾದ ಟೆನಿಸ್ ಬಾಲಿನ ಪಂದ್ಯದಲ್ಲಿ ಒಂದೇ ದಿನ ಎರಡು ಸ್ಟಂಪು ಮುರಿದಾಗ ಅಲ್ಲಿಯ ಮರಾಠಿ ಮಾಸ್ತರರು, ಕಾಯ್ ರೇ, ಹಾ ಪೋರಗಾ ಕುಣಾಚಾ, ಯಾರ ಹುಡುಗ ಇವನು ಅಂತ ಕೇಳಿದ್ದರು, ಅವರೇ ಬೆಳಗಾವಿಗೆ ಕರೆದೊಯ್ದರು, ಆಮೇಲೆ ರಾಜ್ಯದ ತಂಡ, ಬ್ಯಾಂಕಿನ ನೌಕರಿ, ಮೊದಲ ಜೋಡಿ ಬೂಟು, ಬೂಟು ಹಾಕಿದ ದಿನ ನಡೆಯಲು ಬಾರದೆ ಎಮ್ಮೆಯ ಹಾಗೆ ನಿಂತಿದ್ದು. ನೆಟ್ಸಿನಲ್ಲಿ ಒಬ್ಬ ಇಂಗ್ಲಿಷಿನಲ್ಲಿ ಕೇಳಿದ್ದ, ರಾಯಬಾಗ ಅಂದರೆ ಎಲ್ಲಿ, ಮರು ಬಾಲಿಗೆ ಅವನ ಮಧ್ಯದ ಸ್ಟಂಪು ಹಾರಿಸಿ ತೋರಿಸಿದ, ಅಲ್ಲಿ. ಆಹಾ, ಏನು ದಿನಗಳು, ಗಾಳಿ ಎದೆಗೆ ಬಡಿಯುತ್ತಿತ್ತು, ಓಡಿದರೆ ನೆಲ ತಾನಾಗಿ ಹಿಂದೆ ಸರಿಯುತ್ತಿತ್ತು. ಆಮೇಲೆ ಮದ್ರಾಸು, ಎಂಬತ್ತಾರು, ಅವನ ಮೂರನೆಯ ಟೆಸ್ಟು, ಎದುರಿಗೆ ಪರದೇಶದ ಆ ಎತ್ತರದ ಬ್ಯಾಟ್ಸ್‌ಮನ್, ಆಗಿನ್ನೂ ಹನ್ನೊಂದು ರನ್ನು. ಊಟದ ನಂತರ ಕ್ಯಾಪ್ಟನ್ ಬೌಲಿಂಗಿನ ತುದಿ ಬದಲಿಸಿದ, ಓಟ ಶುರು ಮಾಡುವ ಜಾಗವನ್ನು ಹೊಸದಾಗಿ ಅಳೆಯಬೇಕಾಯಿತು, ಪ್ರತಿ ಸಲ ಬೂಟಿನ ಮೊಳೆಯಿಂದ ಕೆರೆದು ಗುರುತು ಮಾಡುತ್ತಿದ್ದ, ಆವತ್ತು ಏನು ಬುದ್ಧಿ ಬಂತೋ, ಅವ್ವ ಕಟ್ಟಿಕೊಟ್ಟ ಪೊಟ್ಟಣ ಕಿಸೆಯಲ್ಲಿತ್ತು, ಅದರಿಂದ ಒಂದು ಚಿಟಿಕೆ ಭಂಡಾರ ತೆಗೆದು ಹುಲ್ಲಿನ ಮೇಲೆ ಇಟ್ಟ, ಅರಿಷಿಣ ಬಿಸಿಲಿಗೆ ಹೊಳೆಯಿತು. ಅದರ ಮೇಲೆ ಎಡಗಾಲಿಟ್ಟು ಓಡಬೇಕು, ಇಡಲಾಗಲಿಲ್ಲ, ದೇವಿಯ ಭಂಡಾರವನ್ನು ಬೂಟುಗಾಲಿನಿಂದ ತುಳಿಯುವುದೇ, ಒಂದು ಗೇಣು ಮುಂದೆ ಕಾಲಿಟ್ಟು ಓಡಿದ. ಸ್ಟಂಪು ಹಾರಿ ಕೀಪರನ ಕಾಲ ಬಳಿ ಬಿತ್ತು, ಅಷ್ಟು ಜನ ಒಮ್ಮೆಲೇ ಎದ್ದು ನಿಂತರು, ಅಂಪೈರನ ಬಲಗೈ ಮಾತ್ರ ಅಡ್ಡಕ್ಕೆ ಚಾಚಿತ್ತು, ನೋಬಾಲು. ಶುರುವಿಗೆ ಮುಂದಾದ ಅದೇ ಒಂದು ಗೇಣು ಕೊನೆಗೆ ಗೆರೆಯಾಚೆ ಬಿದ್ದಿತ್ತು. ಆತ ನೂರಾ ಎಂಬತ್ತು ಹೊಡೆದ, ಗೆಲುವು ಕೈತಪ್ಪಿತು, ಮುಂದಿನ ಪಟ್ಟಿಯಲ್ಲಿ ಮಲಕಾರಿಯ ಹೆಸರಿರಲಿಲ್ಲ, ಎರಡು ವರ್ಷ ರಣಜಿಯಲ್ಲಿ ತಿಣುಕಿದ, ಭುಜ ಹೋಯಿತು, ಮುಗಿಯಿತು. ನಸೀಬು ಅಂದರು ಎಲ್ಲರೂ, ಇವನೂ ಹೂಂ ಅಂದ, ನಸೀಬು ಕೆಟ್ಟವನಿಗೆ ಶಾಲು ಹೊದಿಸುತ್ತಾರೆ, ದಡ್ಡನಿಗೆ ಯಾರು ಹೊದಿಸುತ್ತಾರೆ. ಅವನು ಶಾಲು ಹೊದ್ದು ಕೂತ ಹನ್ನೊಂದು ವರ್ಷವೂ ಅವ್ವ ಬರಿಗಾಲಲ್ಲಿ ನಡೆದಳು.

ಹೇಳಿಬಿಡಬೇಕು, ಆದರೆ ಹೇಗೆ, ನೀ ಕೊಟ್ಟ ಭಂಡಾರದಿಂದಲೇ ಆಯಿತು ಅಂದರೆ ಇನ್ನಷ್ಟು ಕುಗ್ಗುತ್ತಾಳೆ, ಚಪ್ಪಲಿ ಬಿಟ್ಟವಳು ಅನ್ನವನ್ನೇ ಬಿಟ್ಟಾಳು, ಹೇಳದಿದ್ದರೆ ಸಾಯುವ ತನಕ ಹೀಗೇ ನಡೆಯುತ್ತಾಳೆ. ಕಾಲು ತಾನಾಗಿ ಪೆಂಡಾಲಿನ ಕಡೆ ಹೊರಟಿತು, ಮೈಕು ತಡವರಿಸಿತು, ರಾವಸಾಹೇಬರು ಕೂಗಿದರು, ಅಹೋ, ಪಿಚ್ ಈ ಕಡೆ ಐತಿ. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ, ಕೈಯಲ್ಲಿ ಚೆಂಡು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ, ಅವ್ವಾ, ತಾಯೀದೇನೂ ತಪ್ಪಿಲ್ಲ, ನಿಂದೂ ಇಲ್ಲ, ನಾನ ಕಾಲ ಮುಂದ ಇಟ್ಟೆ. ಲಗಮವ್ವ ಅವನ ಮುಖವನ್ನೇ ನೋಡಿದಳು, ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡ, ಅವಳು ಬಾಯಿಗೆ ಸೆರಗು ಹಚ್ಚಿ ನಕ್ಕಳು, ಭಂಡಾರ ತುಳೀಬಾರದಂತ ಯಾರ ಹೇಳಿದ್ರೋ ಹುಚ್ಚ, ಚಿಂಚಲಿಯೊಳಗ ಗುಡಿ ಮುಂದ ನೆಲಾನ ಕಾಣೂದಿಲ್ಲ, ಎಲ್ಲಿ ನೋಡಿದ್ರೂ ಭಂಡಾರ, ಅದನ್ನ ತುಳಕೊಂಡನ ದೇವಿ ಹಂತ್ಯಾಕ ಹೋಗಬೇಕು, ನೀ ಸಣ್ಣಾಂವ ಇದ್ದಾಗ ಅದರಾಗ ಹೊಳ್ಳಾಡಿ ಬರ್ತಿದ್ದೆಲ್ಲೊ, ಮರ್ತೇನು. ಮರೆತಿದ್ದ. ಆ ದೊಡ್ಡ ಮೈದಾನದಲ್ಲಿ, ಅಷ್ಟು ಜನರ ನಡುವೆ, ಹೇಗೆ ಮರೆತುಹೋಯಿತೋ, ಈಗ ಬರುತ್ತಿದೆ, ಅವ್ವನ ಸೆರಗು ಹಿಡಿದು ಹಿಂದೆ ಹಿಂದೆ ನಡೆದದ್ದು, ಕಣ್ಣಿನ ನೇರಕ್ಕೆ ಅವಳ ಹಿಮ್ಮಡಿ, ಎದ್ದು ಬೀಳುವ ಹಿಮ್ಮಡಿ. ಲಗಮವ್ವ ಎದ್ದಳು, ಪಕ್ಕದ ಕುರ್ಚಿಯ ಮಗಳ ಕಡೆ ತಿರುಗಿದಳು, ಸಕ್ಕೂ, ನನ್ನ ಚಪ್ಪಲಿ ಹೊಳ್ಳಿ ಕೊಡವಾ, ಒಂದ ಜೋಡರ ಕೊಡ, ಅಂದವಳು ಮಗನನ್ನು ದಾಟಿ ಮೈದಾನಕ್ಕೇ ಇಳಿದಳು, ಎಲ್ಲಿಂದ ಓಡ್ತಿ, ಇಲ್ಲಿಂದೇನು, ಸೊಂಟದ ಸಂಚಿ ಬಿಚ್ಚಿ ಒಂದು ಚಿಟಿಕೆ ಭಂಡಾರ ನೆಲಕ್ಕೆ ಹಾಕಿದಳು, ಅದರ ಮೇಲೆ ತನ್ನ ಬಲಗಾಲು ಇಟ್ಟು ಒತ್ತಿದಳು, ಇಗಾ, ಹಿಂಗ ತುಳಿ. ರಾವಸಾಹೇಬರು ಕೂಗುತ್ತಿದ್ದಾರೆ, ಮೈಕು ಕೂಗುತ್ತಿದೆ, ಭುಜ ಮಿಡಿಯುತ್ತಿದೆ, ಓಡಬೇಕು ಇನ್ನು, ಅವಳು ತಿರುಗಿ ಪೆಂಡಾಲಿನ ಕಡೆ ನಡೆಯುತ್ತಿದ್ದಾಳೆ, ಒಂದು ಹೆಜ್ಜೆ, ಇನ್ನೊಂದು, ಪಾದ ಮೇಲೇಳುತ್ತದೆ — ಒಡೆದ ಹಿಮ್ಮಡಿ, ಬಿರುಕು ಬಿರುಕಿನಲ್ಲೂ ಹಳದಿ.