ಉಸಿರಿಗೆ ಬಿಟ್ಟ ಜಾಗ

"ಇದರ ಉಸಿರೆಲ್ಲ ಎಲ್ಲಿಗೆ ಹೋಯ್ತು?"

ಅಡುಗೆಮನೆಯ ಮೇಜಿನ ಪಕ್ಕ ನಿಂತು ಅಜ್ಜಿ ಕೇಳಿದಳು. ಅಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿದ್ದದ್ದು ಮೊಮ್ಮಗಳ ಚೀಲದಿಂದ ತೆಗೆದ ಹಾಳೆ, ಹೊಸ ಶಾಲೆಯಲ್ಲಿ ಓದಲು ಕೊಟ್ಟದ್ದು. ಅದರಲ್ಲಿದ್ದ ಪದ್ಯ ಅಜ್ಜಿಯೇ ಕಟ್ಟಿದ್ದು. ಮೂಲೆಯಲ್ಲಿದ್ದ ಆಮೆಯನ್ನೂ ಅವಳೇ ಬಿಡಿಸಿದ್ದಳು. ಆದರೆ ಅವಳ ಹಾಳೆಯಲ್ಲಿ ಪುಟಪುಟಕ್ಕೂ ಹರಡಿಕೊಂಡಿದ್ದ ಸಾಲುಗಳು ಇಲ್ಲಿ ಸಂಜೆ ಬಸ್ಸಿನ ಜನರ ಹಾಗೆ ಒಂದರ ಮೈಮೇಲೆ ಒಂದು ಬಿದ್ದು ನಿಂತಿದ್ದವು.

ಅಜ್ಜಿ ನಿವೃತ್ತಳಾಗುವ ತನಕ ಚಿಕ್ಕ ಮಕ್ಕಳಿಗೆ ಟೀಚರಾಗಿದ್ದವಳು. ಜೊತೆಯವರು ಅವಳಿಗೆ ಇಟ್ಟ ಹೆಸರು ನಿಧಾನಮ್ಮ. "ನಿಧಾನಮ್ಮ ಹಾಜರಿ ಕೂಗಿ ಮುಗಿಸೋದ್ರೊಳಗೆ ಮಕ್ಕಳು ಮುಂದಿನ ತರಗತಿಗೆ ಪಾಸಾಗಿರ್ತಾರೆ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅವಳ ಅಪ್ಪ ದೀಪ ಹಚ್ಚಿದ ಮೇಲೆ ಪದ್ಯ ಹೇಳಲು ಕೂರುತ್ತಿದ್ದ. ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿಬಿಡುತ್ತಿದ್ದ. ಕೇಳುವವರ ಉಸಿರೂ ಜೊತೆಗೇ ನಿಲ್ಲುತ್ತಿತ್ತು. ದೇವರು ಬಂದು ಕೂರುವುದು ಆ ಬಿಡುವಿನಲ್ಲೇ ಎಂದು ಅವಳು ಚಿಕ್ಕಂದಿನಲ್ಲೇ ನಂಬಿದ್ದಳು. ಈಗಲೂ ಅವಳ ಪ್ರಾರ್ಥನೆಯಲ್ಲಿ ಮಾತಿಗಿಂತ ಬಿಡುವೇ ಹೆಚ್ಚು.

ಆಗ ಅಜ್ಜಿಯ ತರಗತಿಯಲ್ಲೇ ಓದುತ್ತಿದ್ದ ಮೊಮ್ಮಗಳು ಪುಟ್ಟಕ್ಕನಿಗೆ ಮಾತು ತೊದಲುತ್ತಿತ್ತು. ಮೊದಲ ಅಕ್ಷರವೇ ಗಂಟಲಿನಲ್ಲಿ ಸಿಕ್ಕಿಹಾಕಿಕೊಂಡು ಮುಖ ಕೆಂಪಾಗುತ್ತಿತ್ತು. ಅವಳಿಗಾಗಿಯೇ ಅಜ್ಜಿ ಆ ಹಾಳೆಗಳನ್ನು ಮಾಡಿದ್ದು. ಎರಡೆರಡು ಪದಕ್ಕೆ ಒಂದು ಖಾಲಿ ಜಾಗ, ಅದರ ನಡುವೆ ಒಂದು ಚುಕ್ಕೆ. ಚುಕ್ಕೆ ಬಂದಾಗ ಇಡೀ ತರಗತಿ ಬೆರಳಿಟ್ಟು ಉಸಿರು ಎಳೆದುಕೊಳ್ಳಬೇಕು.

ಆಮೆ ಬಂತು. ಉಸಿರು. ಮೆಲ್ಲಗೆ ಬಂತು. ಉಸಿರು. ದಾರಿ ಕಾಯುತ್ತಿತ್ತು.

ಎಲ್ಲರೂ ನಿಲ್ಲುತ್ತಿದ್ದರು. ಅವರಲ್ಲಿ ಮಾತು ಸಿಕ್ಕಿಕೊಂಡು, ಬೇರೆ ಗತಿಯಿಲ್ಲದೆ ನಿಂತವಳು ಯಾರು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಗುಂಪಿನೊಳಗೆ ಪುಟ್ಟಕ್ಕ ಪದ್ಯವನ್ನು ಕೊನೆಯವರೆಗೂ ಹೇಳಿದ್ದಳು.

ನಿವೃತ್ತಿಗೆ ಮುಂಚೆ ಅಜ್ಜಿ ಹಾಳೆಗಳನ್ನೆಲ್ಲ ಟೀಚರುಗಳು ಹಂಚಿಕೊಳ್ಳುವ ಜಾಲತಾಣಕ್ಕೆ ಹಾಕಿದಳು. "ಯಾರೂ ಮುಟ್ಟದ ಹಾಗೆ ಹಾಕಮ್ಮ, ಬರೀ ಪ್ರಿಂಟ್ ತಗೊಳ್ಳಲಿ" ಎಂದಿದ್ದಳು ಮಗಳು. "ಬೀಗ ಹಾಕಿ ಕೊಟ್ಟರೆ ಅದೇನು ಕೊಟ್ಟ ಹಾಗೇನೇ?" ಎಂದು ಅಜ್ಜಿ ತಿದ್ದಲು ಬರುವ ಹಾಗೆಯೇ ಹಾಕಿದಳು. ಕೆಳಗೆ ಬರೆದಳು: ನಿಮ್ಮ ಮಕ್ಕಳಿಗೆ ಹೊಂದುವಂತೆ ತಿದ್ದಿಕೊಳ್ಳಿ. ಖಾಲಿ ಜಾಗ ಯಾಕಿದೆ ಎಂದು ಬರೆಯಲಿಲ್ಲ. ಟೀಚರುಗಳಿಗೆ ಅದನ್ನೂ ಹೇಳಬೇಕೇ ಎಂದುಕೊಂಡಿದ್ದಳು.

ಈಗ ಮಗಳು ಫೋನಿನಲ್ಲಿ ಆ ಪುಟ ತೆರೆದು, ಅಲ್ಲಿ ಯಾರೋ ಟೀಚರು ಬರೆದದ್ದನ್ನು ಓದಿದಳು. "'ತುಂಬಾ ಉಪಕಾರ ಆಯ್ತು ಮೇಡಂ. ಖಾಲಿ ಜಾಗ, ಚುಕ್ಕೆ ಎಲ್ಲ ತೆಗೆದು ಒಂದೇ ಪುಟಕ್ಕೆ ತಂದಿದ್ದೀನಿ, ಬೇಕಾದವರು ತಗೊಳ್ಳಿ.' ಅದನ್ನೇ ಎಲ್ಲರೂ ತಗೊಂಡಿದ್ದಾರಮ್ಮ. ನಿನ್ನದು ಎಲ್ಲೋ ಅಡಿಗೆ ಹೋಗಿದೆ."

"ಕೆಟ್ಟವರಲ್ಲ ಬಿಡು. ಕಾಗದ ಉಳಿಸಿದ್ದಾರೆ."

"ನೀನು ಎಲ್ಲರಿಗೂ ವಕೀಲಿ ಮಾಡು. ನನ್ನ ಮಗಳು ಮನೇಲೂ ಬಾಯಿ ಬಿಡ್ತಿಲ್ಲ. ನೀರು ಬೇಕಾದ್ರೆ ಲೋಟ ತೋರಿಸ್ತಾಳೆ."

ಮರುದಿನ ಅಜ್ಜಿ ಶಾಲೆಗೆ ಹೋದಳು. ಹೊಸ ಟೀಚರು ಇನ್ನೂ ಹುಡುಗಿ. ಅಂಗೈ ತುಂಬ ಜೆರಾಕ್ಸ್ ಮಸಿ. ಹಾಳೆ ಮಾಡಿದವಳು ಇವಳೇ ಎಂದು ತಿಳಿದು ಕುರ್ಚಿಯಿಂದ ಎದ್ದೇಬಿಟ್ಟಳು.

"ಅಯ್ಯೋ, ಆಮೆ ಮೇಡಂ ನೀವೇನಾ? ನಿಮ್ಮ ಹಾಳೆ ಇಲ್ದಿದ್ರೆ ನಾನು ಈ ವರ್ಷ ಸತ್ತೇ ಹೋಗ್ತಿದ್ದೆ!"

ಅಜ್ಜಿ ಪುಟ್ಟಕ್ಕನ ವಿಷಯ ಹೇಳಿ ತನ್ನ ಹಳೆಯ ಪ್ರತಿಯನ್ನು ಮುಂದಿಟ್ಟಳು. ಚುಕ್ಕೆಯ ಮೇಲೆ ಬೆರಳಿಟ್ಟು ಉಸಿರೆಳೆದು ತೋರಿಸಿದಳು. ಟೀಚರು ನೋಡಿದಳು. ಅರ್ಥವಾಯಿತು. ಅರ್ಥವಾದದ್ದು ಅವಳ ಮುಖದಲ್ಲಿ ಕಾಣಿಸಿತು.

"ಎಲ್ಲರಿಗೂ ಇಷ್ಟು ಪುಟ ಕೊಡೋಕೆ ನಮ್ಮಲ್ಲಿ ಕಾಗದ ಬರಲ್ಲ ಮೇಡಂ. ಪಾಠಾನೂ ಮುಗಿಯಲ್ಲ. ಪುಟ್ಟಕ್ಕನಿಗೆ ಒಬ್ಬಳಿಗೆ ನಾನೇ ಪ್ರಿಂಟ್ ತೆಗೆದು ಕೊಡ್ತೀನಿ, ಆಗ್ಬಹುದಾ?"

ಆಗಬಹುದು ಎಂದಳು ಅಜ್ಜಿ. ಬೇರೇನು ಹೇಳುವುದು? ಗೇಟಿನ ಹತ್ತಿರ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದಳು.

ಟೀಚರು ಮಾತು ಉಳಿಸಿಕೊಂಡಳು. ಪುಟ್ಟಕ್ಕನ ಕೈಗೆ ಚುಕ್ಕೆಯ ಹಾಳೆಗಳನ್ನು ಕೊಟ್ಟು, "ನೀನು ಇದರಲ್ಲಿ ಓದು ಬಂಗಾರ" ಎಂದಳು. ಪುಟ್ಟಕ್ಕ ಎದ್ದು ನಿಂತಳು. ಆಮೆ ಬಂತು ಎಂದು ಹೇಳಿ, ಚುಕ್ಕೆಯ ಮೇಲೆ ಬೆರಳಿಟ್ಟು ನಿಂತಳು. ಈ ಸಲ ಅವಳ ಜೊತೆ ಯಾರೂ ನಿಲ್ಲಲಿಲ್ಲ. ಪಕ್ಕದ ಬೆಂಚಿನಿಂದ ಒಂದು ದನಿ ಬಂತು: "ಟೀಚರ್, ಇವಳ ಹಾಳೆಯಲ್ಲಿ ಏನೂ ಬರೆದೇ ಇಲ್ಲ!" ಇನ್ನೊಂದು: "ಅದು ತೊದಲೋರ ಹಾಳೆ ಕಣೋ!" ನಗು ಗೋಡೆಯಿಂದ ಗೋಡೆಗೆ ಹೋಯಿತು. ಟೀಚರು ಮೇಜು ಬಡಿದು ಸುಮ್ಮನಾಗಿಸುವ ಹೊತ್ತಿಗೆ ಪುಟ್ಟಕ್ಕ ಕೂತುಬಿಟ್ಟಿದ್ದಳು.

ಇದನ್ನು ಟೀಚರೇ ಫೋನು ಮಾಡಿ ಹೇಳಿದಳು. ಅಳುತ್ತಲೇ ಹೇಳಿದಳು. ಅಜ್ಜಿ ಅವಳನ್ನು ಸಮಾಧಾನ ಮಾಡಿ ಫೋನಿಟ್ಟಳು. ಸುಮ್ಮನೆ ಕೂತು ಕಾದಳು. ಪ್ರಾರ್ಥನೆಯ ಬಿಡುವು ಬಂತು, ಹೋಯಿತು. ಅದರಲ್ಲಿ ಯಾರೂ ಬಂದು ಕೂರಲಿಲ್ಲ.

ಪುಟ್ಟಕ್ಕ ಮನೆಗೆ ಬಂದವಳೇ ಮೇಜಿನ ಮುಂದೆ ಕೂತು, ಪೆನ್ಸಿಲ್ಲಿನಿಂದ ಖಾಲಿ ಜಾಗಗಳನ್ನೆಲ್ಲ ಕಪ್ಪಗೆ ತುಂಬತೊಡಗಿದಳು. ಚುಕ್ಕೆಗಳು ಒಂದೊಂದಾಗಿ ಮುಚ್ಚಿಹೋದವು. ಅಜ್ಜಿ ತಡೆಯಲಿಲ್ಲ. ಅವಳು ತುಂಬಿ ಮುಗಿಸುವ ತನಕ ಕಾದು, ತನ್ನ ಹಳೆಯ ಪ್ರತಿಯನ್ನು ಮುಂದೆ ಇಟ್ಟು, ಮೊದಲ ಚುಕ್ಕೆಯ ಮೇಲೆ ತನ್ನದೇ ಬೆರಳಿಟ್ಟಳು.

"ಇಲ್ಲಿ ಯಾರೂ ಇಲ್ಲ ಕಂದಾ. ನಾನೂ ನೀನೂ ಅಷ್ಟೇ. ನಾನೂ ನಿಲ್ತೀನಿ ನಿನ್ ಜೊತೆ. ಒಂದೇ ಒಂದು ಸಲ ಓದು."

ಮೊಮ್ಮಗಳು ಅಜ್ಜಿಯ ಬೆರಳನ್ನು ನೋಡಿದಳು. ಅದನ್ನು ಮೆತ್ತಗೆ ಎತ್ತಿ ಪಕ್ಕಕ್ಕೆ ಇಟ್ಟಳು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಎಲ್ಲೂ ಸಿಕ್ಕಿಕೊಳ್ಳದೆ, ಎಲ್ಲೂ ನಿಲ್ಲದೆ, ಮಾತು ಬಂತು.

"ನಾನು ಓದಲ್ಲ ಅಜ್ಜಿ."